ಮೇಲಿನ ಸ್ವರಕ್ಕೆ ಹೋದಾಗ ದನಿ ಯಾಕೆ ಕೈಕೊಡುತ್ತದೆ?

ನಮ್ಮ ಬಡಾವಣೆಯ ಗಣೇಶೋತ್ಸವದಲ್ಲಿ ನಾನು ಹಾಡಿದ್ದು ಒಂದೇ ಹಾಡು. ಪಲ್ಲವಿ ಚೆನ್ನಾಗಿಯೇ ಬಂತು. ಮುಂದಿನ ಸಾಲಲ್ಲಿ ಕೂತಿದ್ದ ಅತ್ತಿಗೆ ತಲೆದೂಗುತ್ತಿದ್ದರು. ಚರಣದಲ್ಲಿ ಹಾಡು ಮೇಲೇರುವ ಜಾಗ ಬಂತು ನೋಡಿ, ಕುತ್ತಿಗೆ ಚಾಚಿದೆ, ಹುಬ್ಬು ಏರಿಸಿದೆ, ಮೈಯಲ್ಲಿ ಇದ್ದಬದ್ದ ಶಕ್ತಿಯನ್ನೆಲ್ಲ ಗಂಟಲಿಗೆ ತಂದೆ. ದನಿ ಅರ್ಧದಲ್ಲೇ ಕೀರಲಾಗಿ ಒಡೆಯಿತು. ಮೈಕು ಅದನ್ನು ಇಡೀ ಬೀದಿಗೆ ಕೇಳಿಸಿತು. ಮಕ್ಕಳು ನಕ್ಕರು. ಅತ್ತಿಗೆ ಪ್ರಸಾದ ಹಂಚುವ ಕಡೆ ನೋಡತೊಡಗಿದರು.

ಮರುದಿನ ಬೆಳಗ್ಗೆ ಮಾತೇ ಹೊರಡಲಿಲ್ಲ. ಕಿವಿ, ಮೂಗು, ಗಂಟಲಿನ ಡಾಕ್ಟರು ಸಣ್ಣ ಕ್ಯಾಮೆರಾ ಬಿಟ್ಟು ನೋಡಿದರು. "ತಂತು ಊದಿದೆ. ನಿನ್ನೆ ಎಲ್ಲಾದ್ರೂ ಜೋರಾಗಿ ಕಿರುಚಿದ್ರಾ?" ಎಂದು ಕೇಳಿದರು. ಹಾಡಿದೆ ಎಂದು ಹೇಳಲು ನಾಚಿಕೆಯಾಯಿತು.

ಆಮೇಲೆ ಎರಡು ವರ್ಷ ಇದರ ಹಿಂದೆ ಬಿದ್ದೆ. ಮೇಷ್ಟ್ರ ಹತ್ತಿರ ಪಾಠ ಹೇಳಿಸಿಕೊಂಡೆ, ದನಿಯ ವಿಜ್ಞಾನ ಓದಿದೆ, ಹಾಡಿದ್ದನ್ನೆಲ್ಲ ರೆಕಾರ್ಡ್ ಮಾಡಿ ಕೇಳಿಕೊಂಡು ಕಣ್ಣು ಮುಚ್ಚಿಕೊಂಡೆ. ನನಗೆ ಅರ್ಥವಾದದ್ದು ಇಷ್ಟು: ನಮ್ಮಂಥ ಹವ್ಯಾಸಿಗಳಿಗೆ ದನಿಯ ಬಡತನ ಇರುವುದು ಕಡಿಮೆ. ಇರುವ ದನಿಯನ್ನು ತಳ್ಳಿ ತಳ್ಳಿ ಕೆಡಿಸಿಕೊಳ್ಳುವುದೇ ಜಾಸ್ತಿ. ತಳ್ಳುವುದು ಯಾಕೆ ಕೆಲಸ ಮಾಡುವುದಿಲ್ಲ, ಅದರ ಬದಲು ಏನು ಮಾಡಬಹುದು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಗಂಟಲೊಳಗಿನ ಬಾಗಿಲು

ಕುತ್ತಿಗೆಯ ಮುಂಭಾಗದಲ್ಲಿ ಕೈಗೆ ಗಟ್ಟಿಯಾಗಿ ಸಿಗುವ ಉಬ್ಬಿದೆಯಲ್ಲ, ಅದೇ ಧ್ವನಿಪೆಟ್ಟಿಗೆ. ಉಗುಳು ನುಂಗಿ ನೋಡಿ, ಮೇಲೆ ಹೋಗಿ ಕೆಳಗೆ ಬರುತ್ತದೆ. ಅದರೊಳಗೆ ಎರಡು ಧ್ವನಿತಂತುಗಳಿವೆ. ಹೆಸರು ತಂತು ಅಂತ ಇದ್ದರೂ ವೀಣೆಯ ತಂತಿಗೂ ಅದಕ್ಕೂ ಹೋಲಿಕೆ ಇಲ್ಲ. ಅವು ಒದ್ದೆಯಾದ, ಮೆತ್ತನೆಯ ಎರಡು ಮಡಿಕೆಗಳು. ಜೋಡಿ ಬಾಗಿಲಿನ ಹಾಗೆ ಎದುರುಬದುರು ಇರುತ್ತವೆ. ಗಂಡಸರಲ್ಲಿ ಸುಮಾರು 17ರಿಂದ 25 ಮಿಲಿಮೀಟರ್, ಹೆಂಗಸರಲ್ಲಿ 12ರಿಂದ 17 ಮಿಲಿಮೀಟರ್ ಉದ್ದ. ಅಂದರೆ ಹೆಚ್ಚುಕಡಿಮೆ ನಿಮ್ಮ ಹೆಬ್ಬೆರಳ ಉಗುರಿನಷ್ಟು.

ಕೆಳಗಿನಿಂದ ಬಂದ ಗಾಳಿ ಮುಚ್ಚಿದ ಬಾಗಿಲನ್ನು ತೆರೆಯುತ್ತದೆ. ಗಾಳಿ ನುಗ್ಗಿದ ಕೂಡಲೇ ಬಾಗಿಲು ಮತ್ತೆ ಕೂಡಿಕೊಳ್ಳುತ್ತದೆ. ಹೀಗೆ ತೆರೆದು ಮುಚ್ಚಿ, ತೆರೆದು ಮುಚ್ಚಿ, ಗಾಳಿ ತುಂಡುತುಂಡಾಗಿ ಹೊರಗೆ ಬರುವುದೇ ದನಿ. ಒಂದು ಮನೆ ಶ್ರುತಿಯಲ್ಲಿ (ಮನೆ ಅಂದರೆ ಹಾರ್ಮೋನಿಯಂನ ಪಟ್ಟಿ, ಅದರ ಲೆಕ್ಕ ಮುಂದೆ ಹೇಳುತ್ತೇನೆ) ಗಂಡಸೊಬ್ಬ ಮಧ್ಯ ಷಡ್ಜ, ಅಂದರೆ ಆಧಾರದ 'ಸ', ಹಿಡಿದರೆ ಇದು ಸೆಕೆಂಡಿಗೆ ಸುಮಾರು 131 ಸಲ ನಡೆಯುತ್ತದೆ. ಐದು ಮನೆ ಶ್ರುತಿಯಲ್ಲಿ ಹಾಡುವ ಹೆಂಗಸಿನ ಷಡ್ಜಕ್ಕೆ 196 ಸಲ. ತಾರ ಷಡ್ಜಕ್ಕೆ, ಅಂದರೆ ಮೇಲಿನ 'ಸ'ಕ್ಕೆ, ಹೋದರೆ ನೇರ ಎರಡರಷ್ಟು. ಐದು ನಿಮಿಷದ ಒಂದು ಹಾಡು ಮುಗಿಯುವಷ್ಟರಲ್ಲಿ, ಮಧ್ಯದ ಸಂಗೀತ ಮತ್ತು ಉಸಿರಿನ ಬಿಡುವು ಕಳೆದರೂ, ಆ ಉಗುರಿನಷ್ಟು ಮಡಿಕೆಗಳು ಒಂದಕ್ಕೊಂದು ಹತ್ತಾರು ಸಾವಿರ ಸಲ ತಾಕಿರುತ್ತವೆ. ಮೆಲ್ಲಗೆ ತಾಕಿದರೆ ಏನೂ ಆಗುವುದಿಲ್ಲ. ಬಡಿದುಕೊಂಡರೆ ಊದಿಕೊಳ್ಳುತ್ತವೆ. ಇಷ್ಟು ಹೊತ್ತು ಚಪ್ಪಾಳೆ ತಟ್ಟಿದರೆ ಅಂಗೈ ಕೆಂಪಾಗುವುದಿಲ್ಲವೇ, ಹಾಗೆ.

ಈಗ ಮೇಲಿನ ಸ್ವರದ ವಿಷಯ. ಸ್ವರ ಏರಬೇಕಾದರೆ ಈ ಮಡಿಕೆಗಳು ಉದ್ದಕ್ಕೆ ಎಳೆದುಕೊಂಡು ತೆಳ್ಳಗಾಗಬೇಕು. ಅದಕ್ಕೆಂದೇ ಧ್ವನಿಪೆಟ್ಟಿಗೆಯ ಹೊರಗೆ ಬೇರೆ ಸ್ನಾಯು ಇದೆ. ಕೆಳಗಿನ ಸ್ವರದಲ್ಲಿ ಮಡಿಕೆಗಳನ್ನು ಗಿಡ್ಡವಾಗಿ, ದಪ್ಪಗೆ ಇಡುವ ಸ್ನಾಯು ಅವುಗಳ ಒಳಗೇ ಇದೆ. ಮೇಲೇರುತ್ತಾ ಹೋದಂತೆ ಒಳಗಿನ ಸ್ನಾಯು ಸ್ವಲ್ಪ ಸ್ವಲ್ಪವೇ ಬಿಡಬೇಕು, ಹೊರಗಿನದು ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಸೇದುವ ಬಾವಿಯಲ್ಲಿ ಕೊಡ ಇಳಿಸುವಾಗ ಒಂದು ಕೈ ಹಗ್ಗ ಬಿಡುತ್ತಾ ಇನ್ನೊಂದು ಕೈ ಹಿಡಿಯುತ್ತದಲ್ಲ, ಅಂಥ ಹೊಂದಾಣಿಕೆ ಅದು.

ಆದರೆ ಇದಕ್ಕೊಂದು ಕಳ್ಳದಾರಿ ಇದೆ. ಮಡಿಕೆಯನ್ನು ದಪ್ಪಗೇ ಉಳಿಸಿಕೊಂಡು, ಕೆಳಗಿನಿಂದ ಗಾಳಿ ಜೋರು ಮಾಡಿದರೂ ಸ್ವರ ಸ್ವಲ್ಪ ಏರುತ್ತದೆ. ಗಣೇಶೋತ್ಸವದಲ್ಲಿ ನಾನು ಹಿಡಿದದ್ದು ಇದೇ ದಾರಿ. ಒಂದೆರಡು ಸ್ವರ ಏರಬಹುದು. ಆಮೇಲೆ ದಪ್ಪ ಮಡಿಕೆ ಗಾಳಿಯ ಒತ್ತಡ ತಡೆಯಲಾರದೆ ಒಮ್ಮೆಗೇ ಕೈಬಿಡುತ್ತದೆ, ಮಡಿಕೆ ಗಕ್ಕನೆ ತೆಳ್ಳಗಾಗುತ್ತದೆ. ಆ ಕೀರಲು ಅಂದರೆ ಅದೇ. ಗಂಟಲಲ್ಲಿ ಶಕ್ತಿ ಸಾಲದೆ ಆದದ್ದಲ್ಲ. ಕೈ ಬದಲಿಸುವುದನ್ನು ಕೊನೆಯ ಕ್ಷಣದವರೆಗೆ ಮುಂದೂಡಿದ್ದರಿಂದ ಆದದ್ದು.

ನಿಮ್ಮ ಮನೆ ಯಾವುದು?

ನಾನು ಮೊದಲ ದಿನ ಮೇಷ್ಟ್ರ ಹತ್ತಿರ ಹೋದಾಗ ಅವರು ಹಾಡು ಎನ್ನಲಿಲ್ಲ. "ಶ್ರುತಿ ಎಷ್ಟು ಮನೆ?" ಎಂದರು. ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಹಾಡುತ್ತಿದ್ದೇನೆ, ನನ್ನ ಶ್ರುತಿ ನನಗೇ ಗೊತ್ತಿಲ್ಲ! ಚಪ್ಪಲಿಯ ಅಳತೆ ಗೊತ್ತಿಲ್ಲದೆ ಅಣ್ಣನ ಚಪ್ಪಲಿ ಹಾಕಿಕೊಂಡು ಓಡಾಡಿದ ಹಾಗೆ.

ಹಾರ್ಮೋನಿಯಂ ಮುಂದಿಟ್ಟುಕೊಂಡರೆ ಲೆಕ್ಕ ಸುಲಭ. ಬಿಳಿ ಮನೆಗಳು ಒಂದು, ಎರಡು, ಮೂರು ಅಂತ ಏಳರವರೆಗೆ. ನಡುವಿನ ಕಪ್ಪು ಮನೆಗಳು ಒಂದೂವರೆ, ಎರಡೂವರೆ, ನಾಲ್ಕೂವರೆ, ಐದೂವರೆ, ಆರೂವರೆ. ಪಾಶ್ಚಾತ್ಯರ ಸಿ ಅಂದರೆ ನಮ್ಮ ಒಂದು ಮನೆ, ಜಿ ಅಂದರೆ ಐದು. ಕರ್ನಾಟಕ ಸಂಗೀತ ಹಾಡುವ ಗಂಡಸರು ಸಾಮಾನ್ಯವಾಗಿ ಒಂದರಿಂದ ಎರಡೂವರೆ ಮನೆಯ ಆಸುಪಾಸಿನಲ್ಲಿ, ಹೆಂಗಸರು ಐದರಿಂದ ಆರರ ಆಸುಪಾಸಿನಲ್ಲಿ ಹಾಡುತ್ತಾರೆ. ಆದರೆ ಇದು ಕಟ್ಟಳೆಯಲ್ಲ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ 1930ರ ದಶಕದ ಗ್ರಾಮಫೋನ್ ತಟ್ಟೆಗಳಲ್ಲಿ ಇರುವುದು ತೆಳ್ಳನೆಯ, ಎತ್ತರದ ದನಿ. ಮುಂದೆ ಗಂಟಲ ತೊಂದರೆಗೆ ಚಿಕಿತ್ಸೆ ಆದ ಮೇಲೆ ದನಿ ತೀರ ಕೆಳಗಿಳಿಯಿತು. ಅವರು ಹಳೆಯ ಶ್ರುತಿಯನ್ನು ಹಿಡಿದು ಗುದ್ದಾಡಲಿಲ್ಲ. ಹೊಸ ದನಿಗೆ ತಕ್ಕ ಷಡ್ಜ ಹಿಡಿದರು. ಇವತ್ತು ನಾವು ಗಂಗೂಬಾಯಿ ಎಂದರೆ ನೆನೆಸಿಕೊಳ್ಳುವುದು ಆ ಎರಡನೆಯ ದನಿಯನ್ನೇ.

ನಿಮ್ಮ ಮನೆ ಕಂಡುಹಿಡಿಯಲು ಒಂದು ದಾರಿ ಹೇಳುತ್ತೇನೆ. ಕೀಬೋರ್ಡ್ ಇಲ್ಲದಿದ್ದರೆ ಫೋನಿನ ಪಿಯಾನೊ ಆ್ಯಪ್ ಸಾಕು. ಸುಮ್ನೆ 'ಆ' ಎನ್ನುತ್ತಾ ಒಂದೊಂದೇ ಮನೆ ಕೆಳಗಿಳಿಯಿರಿ. ಒಂದು ಕಡೆ ದನಿ ಹೋಗಿ ಬರೀ ಗರಗರ ಉಳಿಯುತ್ತದೆ. ಅದಕ್ಕಿಂತ ಒಂದೆರಡು ಮನೆ ಮೇಲೆ, ಮೆತ್ತಗೆ ಹಾಡಿದರೂ ಸ್ಪಷ್ಟವಾಗಿ ಕೇಳುವ ಸ್ವರ ಇರುತ್ತದೆ. ಅದನ್ನು ನಿಮ್ಮ ಮಂದ್ರ ಪಂಚಮ (ಕೆಳಗಿನ 'ಪ') ಎಂದಿಟ್ಟುಕೊಳ್ಳಿ. ಅಲ್ಲಿಂದ ಕಪ್ಪು ಬಿಳಿ ಎರಡನ್ನೂ ಎಣಿಸುತ್ತಾ ಐದು ಪಟ್ಟಿ ಮೇಲೆ ಹೋದರೆ ನಿಮ್ಮ ಷಡ್ಜ. ಈಗ ಆ ಷಡ್ಜದಿಂದ ಮೇಲೆ ಹೋಗಿ ತಾರ ಗಾಂಧಾರದವರೆಗೆ (ಮೇಲಿನ 'ಗ') ಹುಬ್ಬು ಏರಿಸದೆ ಮುಟ್ಟಬಲ್ಲಿರಾ ನೋಡಿ. ಮುಟ್ಟಿದರೆ ಅದೇ ನಿಮ್ಮ ಶ್ರುತಿ. ಸ್ವಲ್ಪ ಕಷ್ಟವಾದರೆ ಅರ್ಧ ಮನೆ ಇಳಿಸಿ. ನನ್ನದು ಒಂದೂವರೆ ಎಂದು ಗೊತ್ತಾಯಿತು.

ಕರೋಕೆಯಲ್ಲಿ ಹಾಡುವವರಿಗೆ ಇದು ಬಹಳ ಮುಖ್ಯ. ಟ್ರ್ಯಾಕ್ ಬರುವುದು ಮೂಲ ಗಾಯಕರ ದನಿಗೆ ಹೊಂದುವ ಶ್ರುತಿಯಲ್ಲಿ. ಎಸ್. ಜಾನಕಿಯವರಿಗೆ ಸಲೀಸಾದ ಎತ್ತರ ಎಲ್ಲ ಹೆಂಗಸರಿಗೂ ಸಲೀಸಲ್ಲ. ಪಿ.ಬಿ. ಶ್ರೀನಿವಾಸ್ ಮೆತ್ತಗೆ ತೇಲಿಸಿದ ಕೆಳಸ್ವರ ಎಲ್ಲ ಗಂಡಸರಿಗೂ ಕೇಳುವಂತೆ ಬರುವುದಿಲ್ಲ. ಯುಗಳಗೀತೆ ಇನ್ನೂ ತಮಾಷೆ. ಗಂಡಿನ ಷಡ್ಜಕ್ಕೂ ಹೆಣ್ಣಿನ ಷಡ್ಜಕ್ಕೂ ನಾಲ್ಕೈದು ಸ್ವರದ ಅಂತರ, ಆದರೆ ಹಾಡು ಇಬ್ಬರಿಗೂ ಸಾಮಾನ್ಯವಾಗಿ ಒಂದೇ ಶ್ರುತಿಯಲ್ಲಿ. ಯಾರಾದರೊಬ್ಬರು ಸಂಕಟಪಡಲೇಬೇಕು. ಟ್ರ್ಯಾಕನ್ನು ಮೇಲೆ ಕೆಳಗೆ ಮಾಡುವ ಆ್ಯಪ್‌ಗಳು ಬೇಕಾದಷ್ಟಿವೆ. ಒಂದು ಒತ್ತಿಗೆ ಅರ್ಧ ಸ್ವರ ಇಳಿಯುತ್ತದೆ. ಮೂರು ಒತ್ತಿ ಇಳಿಸಿ ಹಾಡಿದರೆ ಕೇಳುವವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಗೊತ್ತೇ ಆಗುವುದಿಲ್ಲ ಎನ್ನುವುದು ನನ್ನ ಅಂದಾಜು. ಗೊತ್ತಾದ ಹತ್ತು ಮಂದಿಯೂ ಕೀರಲಿಗಿಂತ ಇದೇ ವಾಸಿ ಎನ್ನುತ್ತಾರೆ. ಕರೋಕೆ ಕೂಟಗಳಲ್ಲಿ "ಒರಿಜಿನಲ್ ಶ್ರುತಿಯಲ್ಲೇ ಹಾಡಿದೆ" ಎಂದು ಎದೆ ತಟ್ಟಿಕೊಳ್ಳುವವರನ್ನು ಕಂಡರೆ ನನಗೆ ಈಗ ಅವರ ಗಂಟಲಿನ ಚಿಂತೆಯಾಗುತ್ತದೆ.

ಉಸಿರು: ತುಂಬಿಸುವುದಲ್ಲ, ತಡೆಯುವುದು

"ಹೊಟ್ಟೆಯಿಂದ ಹಾಡು" ಎಂದು ಎಲ್ಲರೂ ಹೇಳುತ್ತಾರೆ. ಹೊಟ್ಟೆಯಲ್ಲಿ ಗಾಳಿ ಇರುವುದಿಲ್ಲ, ಅಲ್ವಾ? ಇದ್ದರೆ ಅದಕ್ಕೆ ಬೇರೆ ಮಾತ್ರೆ ಇದೆ. ಆ ಮಾತಿನ ಹಿಂದಿರುವ ಸಂಗತಿ ಹೀಗೆ: ಶ್ವಾಸಕೋಶದ ತಳದಲ್ಲಿ ಗುಮ್ಮಟದಂತೆ ಬಾಗಿದ ಒಂದು ಸ್ನಾಯು ಇದೆ, ವಪೆ ಅಂತ. ಉಸಿರು ಎಳೆದಾಗ ಅದು ಕೆಳಗಿಳಿದು ಚಪ್ಪಟೆಯಾಗುತ್ತದೆ. ಕೆಳಗಿರುವ ಕರುಳು ಗಿರುಳಿಗೆಲ್ಲ ಜಾಗ ಸಾಲದೆ ಹೊಟ್ಟೆ ಮುಂದೆ ಬರುತ್ತದೆ. ಹೊಟ್ಟೆ ಉಬ್ಬಿತು ಎಂದರೆ ವಪೆ ಇಳಿದಿದೆ ಎಂದು ಲೆಕ್ಕ. ಹೊಟ್ಟೆ ಹಾಗೇ ಇದ್ದು ಭುಜ ಏರಿತು ಎಂದರೆ ಉಸಿರು ಮೇಲೆ ಮೇಲೆ ತಗೊಂಡಿದ್ದೀರಿ, ಜೊತೆಗೆ ಕುತ್ತಿಗೆಯನ್ನೂ ಬಿಗಿ ಮಾಡಿಕೊಂಡಿದ್ದೀರಿ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ, ನನಗೆ ಗೊತ್ತಾಗಲು ಬಹಳ ದಿನ ಹಿಡಿಯಿತು. ತುಂಬಿದ ಶ್ವಾಸಕೋಶ ಊದಿದ ಬಲೂನಿನಂತೆ. ಬಾಯಿ ಬಿಟ್ಟರೆ ತಾನಾಗಿಯೇ ಭುಸ್ಸೆಂದು ಖಾಲಿಯಾಗುತ್ತದೆ. ಹಾಗಾಗಿ ಸಾಲಿನ ಮೊದಲಲ್ಲಿ ಗಾಳಿಯನ್ನು ತಳ್ಳುವ ಅಗತ್ಯವೇ ಇಲ್ಲ. ಅಲ್ಲಿ ಬೇಕಾದದ್ದು ಬ್ರೇಕು. ಉಸಿರು ಎಳೆದ ಸ್ನಾಯುಗಳೇ, ಪಕ್ಕೆಲುಬಿನ ನಡುವಿನವು ಮತ್ತು ವಪೆ, ಥಟ್ಟನೆ ಬಿಡದೆ ನಿಧಾನಕ್ಕೆ ಬಿಡಬೇಕು. ಹವ್ಯಾಸಿ ಏನು ಮಾಡುತ್ತಾನೆ? ಎದೆ ಸೆಟೆಯುವಷ್ಟು ಗಾಳಿ ತುಂಬಿಕೊಂಡು ಮೊದಲ ಪದವನ್ನು ಸಿಡಿಸುತ್ತಾನೆ. ಸಾಲಿನ ಕೊನೆಯ ಪದಕ್ಕೆ ಗಾಳಿ ಇರುವುದಿಲ್ಲ. ಆಗ ಗಂಟಲನ್ನು ಹಿಂಡುತ್ತಾನೆ.

ಗಾಳಿಯ ಪ್ರಮಾಣವೇ ದೊಡ್ಡದಲ್ಲ ಎನ್ನುವುದಕ್ಕೆ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1924ರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಬಾಲಕನಾಗಿದ್ದಾಗಲೇ ಹೆಸರು ಮಾಡಿದವರು. 1940ರ ದಶಕದ ಕೊನೆಯಲ್ಲಿ ಕ್ಷಯ ಹಿಡಿಯಿತು. ಮಧ್ಯಪ್ರದೇಶದ ದೇವಾಸಕ್ಕೆ ಹೋಗಿ ವರ್ಷಗಟ್ಟಲೆ ಹಾಡದೆ ಮಲಗಿದರು. ಸ್ಟ್ರೆಪ್ಟೊಮೈಸಿನ್ ಬಂದು ಗುಣವಾದರು, ಆದರೆ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿತ್ತು. 1950ರ ದಶಕದಲ್ಲಿ ಮತ್ತೆ ವೇದಿಕೆಗೆ ಬಂದಾಗ ಅವರು ಉದ್ದುದ್ದ ತಾನ್‌ಗಳ (ವೇಗದ ಸ್ವರಸರಣಿಗಳ) ಹಿಂದೆ ಹೋಗಲಿಲ್ಲ. ಚಿಕ್ಕ ಚಿಕ್ಕ ಮಾತುಗಳಾಗಿ ರಾಗವನ್ನು ಕತ್ತರಿಸಿ ಇಟ್ಟರು. ನಡುವಿನ ಮೌನವೂ ಹಾಡಿನೊಳಗೇ ಸೇರಿತು. ಎರಡು ಶ್ವಾಸಕೋಶ ಗಟ್ಟಿಯಾಗಿರುವ ನಾವು ಉಸಿರು ಸಾಲುವುದಿಲ್ಲ ಎಂದು ಗೊಣಗುತ್ತೇವೆ.

ಅಭ್ಯಾಸ ಮಾಡಲು ಚಾಪೆಯ ಮೇಲೆ ಅಂಗಾತ ಮಲಗಿ, ಹೊಟ್ಟೆಯ ಮೇಲೊಂದು ದಪ್ಪ ಪುಸ್ತಕ ಇಟ್ಟುಕೊಳ್ಳಿ. ಮೂಗಿನಲ್ಲಿ ಉಸಿರೆಳೆದರೆ ಪುಸ್ತಕ ಏಳಬೇಕು. ಈಗ ಹಲ್ಲು ಕೂಡಿಸಿ 'ಸ್...' ಎಂದು ಬಿಡಿ. ಟೈರಿನಲ್ಲಿ ಸಣ್ಣ ತೂತಾದರೆ ಬರುವ ಸದ್ದಿನಷ್ಟು ಸಣ್ಣಗೆ, ಒಂದೇ ಸಮ. ಮೊದಲ ವಾರ ನನಗೆ 14 ಸೆಕೆಂಡು ಬಂತು. ಎರಡು ತಿಂಗಳಲ್ಲಿ 30 ದಾಟಿತು. ಎದೆಗೂಡು ಬೆಳೆದು ದೊಡ್ಡದಾಗಲಿಲ್ಲ, ಸೋರುವುದು ನಿಂತಿತು ಅಷ್ಟೇ.

ಉಸಿರು ಎಲ್ಲಿ ತಗೊಳ್ಳಬೇಕು ಎನ್ನುವುದಕ್ಕೂ ಒಂದು ಮಾತು. ಹಾಡಿನ ಸಾಹಿತ್ಯವನ್ನು ಕಾಗದದಲ್ಲಿ ಬರೆದು, ಉಸಿರಿನ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿಕೊಳ್ಳಿ. ಇಲ್ಲದಿದ್ದರೆ ಗಾಳಿ ಮುಗಿದಲ್ಲಿ ಪದ ಮುರಿಯುತ್ತದೆ. 'ಬಾರದಿರು' ಎನ್ನುವಲ್ಲಿ 'ಬಾ' ಎಂದು ಉಸಿರು ತಗೊಂಡು 'ರದಿರು' ಎಂದವರನ್ನು ನಾನು ಕೇಳಿದ್ದೇನೆ. ಕರೆದರೋ ಕಳಿಸಿದರೋ ಗೊತ್ತಾಗಲಿಲ್ಲ. ಮಹಾಪ್ರಾಣಗಳ ಮೇಲೂ ಕಣ್ಣಿರಲಿ. 'ಭ', 'ಧ', 'ಫ'ಗಳನ್ನು ಭಾಷೆ ಶುದ್ಧವಾಗಿರಲಿ ಎಂದು ಒತ್ತಿ ಒತ್ತಿ ಹೇಳಿದರೆ ಪ್ರತಿ ಅಕ್ಷರಕ್ಕೂ ಒಂದಿಷ್ಟು ಗಾಳಿ ದಂಡ. ಮೈಕಿನಲ್ಲಿ ಢಬ್ ಎಂಬ ಸದ್ದು ಬೇರೆ.

ಒಂದು ಲೋಟ ನೀರು, ಒಂದು ಸ್ಟ್ರಾ

ಇಡೀ ಲೇಖನದಲ್ಲಿ ಒಂದೇ ಒಂದನ್ನು ಮಾಡಿ ನೋಡುವುದಾದರೆ ಇದನ್ನು ಮಾಡಿ. ಅರ್ಧ ಲೋಟ ನೀರು ತಗೊಳ್ಳಿ. ಎಳನೀರು ಅಂಗಡಿಯ ಸ್ಟ್ರಾ ನಡೆಯುತ್ತದೆ. ಅದರ ತುದಿ ನೀರಿನಲ್ಲಿ ಎರಡು ಬೆರಳು ಮುಳುಗಿರಲಿ. ಇನ್ನೊಂದು ತುದಿಯನ್ನು ತುಟಿಯಲ್ಲಿ ಹಿಡಿದು 'ಊ' ಎಂದು ದನಿ ಮಾಡಿ. ಬರೀ ಊದುವುದಲ್ಲ, ದನಿ ಬರಬೇಕು. ಗುಳುಗುಳು ಎಂದು ಗುಳ್ಳೆ ಏಳುತ್ತವೆ. ಗುಳ್ಳೆ ಒಂದೇ ಸಮ ಏಳಬೇಕು.

ನನ್ನ ಮೊದಲ ಪ್ರಯತ್ನದಲ್ಲಿ ನೀರು ಲೋಟದಿಂದ ಹಾರಿ ಮೇಜೆಲ್ಲ ಒದ್ದೆ. ಅಷ್ಟು ಗಾಳಿ ತಳ್ಳುತ್ತಿದ್ದೆ. ಮೇಷ್ಟ್ರು ನೂರು ಸಲ "ತಳ್ಳಬೇಡ" ಎಂದಿದ್ದರೂ ತಲೆಗೆ ಹೋಗಿರಲಿಲ್ಲ. ಮೇಜು ಒರೆಸುವಾಗ ಹೋಯಿತು.

ಗುಳ್ಳೆ ಸಮವಾದ ಮೇಲೆ ಅದೇ 'ಊ'ವನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಆಂಬುಲೆನ್ಸ್ ಸೈರನ್ನಿನಂತೆ ಜಾರಿಸಿ. ಒಂದು ಆಶ್ಚರ್ಯ ಕಾಣುತ್ತೀರಿ. ಬಾಯಿ ತೆರೆದು ಹಾಡುವಾಗ ಒಡೆಯುತ್ತಿದ್ದ ಜಾಗವನ್ನು ದನಿ ಇಲ್ಲಿ ಹೆಚ್ಚು ಸಲೀಸಾಗಿ ದಾಟುತ್ತದೆ. ಯಾಕೆ? ಬಾಯಿಯ ದಾರಿ ಕಿರಿದಾದ್ದರಿಂದ ಗಾಳಿಯ ಒತ್ತಡ ಸ್ವಲ್ಪ ವಾಪಸ್ ಬಂದು ಮಡಿಕೆಗಳ ಮೇಲ್ಗಡೆ ನಿಲ್ಲುತ್ತದೆ. ಕೆಳಗಿನ ಒತ್ತಡಕ್ಕೆ ಮೇಲಿನ ಒತ್ತಡ ಎದುರಾಗಿ, ಮಡಿಕೆಗಳು ಬಡಿದುಕೊಳ್ಳದೆ ಮೆಲ್ಲಗೆ ಅಲುಗುತ್ತವೆ. ಸ್ನಾಯುಗಳು ಜಗಳವಿಲ್ಲದೆ ಕೈ ಬದಲಿಸಿಕೊಳ್ಳುತ್ತವೆ. ಇಂಗೊ ಟಿಟ್ಜೆ ಎಂಬ ಅಮೆರಿಕದ ಧ್ವನಿವಿಜ್ಞಾನಿ ಇದರ ಲೆಕ್ಕಾಚಾರವನ್ನು ವಿವರವಾಗಿ ಮಾಡಿ ಜನಪ್ರಿಯಗೊಳಿಸಿದರು. ಧ್ವನಿ ಚಿಕಿತ್ಸಕರೂ ಇದನ್ನು ಬಳಸುತ್ತಾರೆ.

ನಂತರ, ನಿಮ್ಮ ಹಾಡಿನಲ್ಲಿ ಕೈಕೊಡುವ ಆ ಒಂದು ಸಾಲಿದೆಯಲ್ಲ, ಅದರ ರಾಗವನ್ನಷ್ಟೇ ಸ್ಟ್ರಾದಲ್ಲಿ ನಾಲ್ಕೈದು ಸಲ ಹಾಡಿ. ತಕ್ಷಣ ಸ್ಟ್ರಾ ತೆಗೆದು ಪದ ಸೇರಿಸಿ ಹಾಡಿ. ಗಂಟಲಿಗೆ ಈಗ ತಾನೇ ಕಲಿತ ದಾರಿ ನೆನಪಿರುತ್ತದೆ. ಸ್ಟ್ರಾ ಇಲ್ಲದ ಕಡೆ ತುಟಿ ಅದುರಿಸಿದರೂ ಆಯಿತು. ಚಿಕ್ಕವರಿದ್ದಾಗ ಹಳೇ ಟೈರು ಓಡಿಸುತ್ತಾ ಬುರ್ರ್ ಎಂದು ಬಸ್ ಬಿಡುತ್ತಿದ್ದೆವಲ್ಲ, ಅದೇ. ಬಾಯಿ ಮುಚ್ಚಿ 'ಮ್' ಎಂದು ಗುನುಗುವುದೂ ಇದೇ ಜಾತಿಗೆ ಸೇರಿದ್ದು. ಕಾರ್ಯಕ್ರಮಕ್ಕೆ ಮುಂಚೆ ಐದು ನಿಮಿಷ ಗಂಟಲು ಬಿಸಿ ಮಾಡಿಕೊಳ್ಳಲು ಇದಕ್ಕಿಂತ ಸುಲಭದ್ದು ಇಲ್ಲ. ಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಸರಳೆಯಲ್ಲಿ ಏನಿದೆ?

ದೊಡ್ಡವರಾದ ಮೇಲೆ ಸರಳೆ ವರಸೆಗೆ ಕೂರುವುದು ಬೇಜಾರಿನ ಕೆಲಸ. ಹಾಡು ಕಲಿಸಿ ಅಂತ ಹೋದರೆ ಮತ್ತೆ 'ಸರಿಗಮ' ಶುರು ಮಾಡುತ್ತಾರೆ. ಆದರೆ ಈ ಪಾಠಕ್ರಮದ ಹಿಂದಿನ ಬುದ್ಧಿ ಸಣ್ಣದಲ್ಲ. ಪರಂಪರೆ ಇದನ್ನು ಪುರಂದರದಾಸರು ಹಾಕಿಕೊಟ್ಟದ್ದು ಎನ್ನುತ್ತದೆ. ಮೊದಲ ಪಾಠದ ರಾಗ ಮಾಯಾಮಾಳವಗೌಳ, 72 ಮೇಳಕರ್ತ (ಮೂಲ) ರಾಗಗಳಲ್ಲಿ 15ನೆಯದು. ಸ-ರಿ ಹತ್ತಿರ, ರಿ-ಗ ದೂರ, ಗ-ಮ ಹತ್ತಿರ. ಮೇಲೆ ಹೋದರೂ ಅದೇ ನಕ್ಷೆ: ಪ-ದ ಹತ್ತಿರ, ದ-ನಿ ದೂರ, ನಿ-ಸ ಹತ್ತಿರ. ಕೆಳಗೆ ಕಲಿತದ್ದನ್ನು ಮೇಲೆ ಹಾಗೆ ಹಾಗೇ ಕೂರಿಸಬಹುದು.

ಇಲ್ಲಿ ಹವ್ಯಾಸಿಯ ಗುಟ್ಟು ರಟ್ಟಾಗುವುದು ರಿಷಭದಲ್ಲಿ. ಈ ರಿಷಭ ಷಡ್ಜಕ್ಕೆ ಅಂಟಿಕೊಂಡಂತೆ ಅರ್ಧ ಸ್ವರ ಮಾತ್ರ ಮೇಲಿದೆ. ನಾವು ಅದನ್ನು ಒಂದು ಹೆಜ್ಜೆ ಜಾಸ್ತಿಯೇ ಹಾರಿಸುತ್ತೇವೆ, ಸಿನಿಮಾ ಹಾಡು ಕೇಳಿ ಬೆಳೆದ ಕಿವಿಗೆ ಆ ದೊಡ್ಡ ರಿಷಭವೇ ರೂಢಿ. ತಂಬೂರಿ ಹಾಕಿಕೊಂಡು, ಷಡ್ಜದಿಂದ ರಿಷಭಕ್ಕೆ ಹೋಗಿ ಅಲ್ಲೇ ನಾಲ್ಕು ಎಣಿಕೆ ನಿಲ್ಲಿ. ಸರಿಯಾದ ಜಾಗದಲ್ಲಿ ನಿಂತರೆ ಷಡ್ಜದೊಡನೆ ಒಂದು ಬಿಗಿತ ಕೇಳುತ್ತದೆ. ವಾಪಸ್ ಷಡ್ಜಕ್ಕೆ ಬಂದಾಗ ಮನೆಗೆ ಬಂದ ಹಾಗಾಗುತ್ತದೆ. ಮನೆಯಲ್ಲಿ ತಂಬೂರಿ ಇಲ್ಲದವರಿಗೆ ಶ್ರುತಿಪೆಟ್ಟಿಗೆ ಇದೆ. ಬೆಂಗಳೂರಿನ ರಾಡೆಲ್‌ನವರ ಎಲೆಕ್ಟ್ರಾನಿಕ್ ಪೆಟ್ಟಿಗೆ ಸಂಗೀತದ ಮನೆಗಳಲ್ಲಿ ಮಾಮೂಲು. ಈಗ ಫೋನಿನ ಆ್ಯಪ್ ಕೂಡ ಸಾಕು, ಸ್ಪೀಕರಿಗೆ ಹಾಕಿಕೊಳ್ಳಿ.

ಮೊದಲ ಕಾಲದಲ್ಲೇ, ಅಂದರೆ ತೀರ ನಿಧಾನವಾಗಿ, ಹೆಚ್ಚು ಹೊತ್ತು ಕಳೆಯಿರಿ. ವೇಗದಲ್ಲಿ ತಪ್ಪು ಮುಚ್ಚಿಹೋಗುತ್ತದೆ. ನಿಧಾನದಲ್ಲಿ ದನಿಯ ನಡುಕ, ಗಾಳಿಯ ಸೋರಿಕೆ, ಸ್ವರ ಕೆಳಗೆ ಜಾರುವುದು ಎಲ್ಲ ಬಯಲಿಗೆ ಬರುತ್ತದೆ. ಸ್ವರಾಕ್ಷರ ಆದ ಮೇಲೆ ಅದನ್ನೇ ಅಕಾರದಲ್ಲಿ ಹಾಡಿ, ಆಮೇಲೆ ಇಕಾರ, ಉಕಾರ. ಆಗ ಇನ್ನೊಂದು ಸಂಗತಿ ಗೊತ್ತಾಗುತ್ತದೆ. 'ಆ'ದಲ್ಲಿ ಸಲೀಸಾಗಿ ಮುಟ್ಟುವ ತಾರ ಷಡ್ಜ 'ಈ'ಯಲ್ಲಿ ಬಿಗಿಯುತ್ತದೆ. ಗಂಟಲಿನಿಂದ ತುಟಿಯವರೆಗಿನ ಕೊಳವೆ ಗಂಡಸರಲ್ಲಿ ಸುಮಾರು 17 ಸೆಂಟಿಮೀಟರ್. 'ಈ', 'ಊ' ಎನ್ನುವಾಗ ಅದರ ಆಕಾರ 300 ಹರ್ಟ್ಜ್ (ಸೆಕೆಂಡಿಗೆ 300 ಸಲ) ಆಸುಪಾಸಿನ ಸದ್ದಿಗೆ ಒತ್ತಾಸೆ ಕೊಡುತ್ತದೆ. ಹಾಡುವ ಸ್ವರ ಅದನ್ನು ದಾಟಿ 400, 500ಕ್ಕೆ ಹೋದರೆ ಒತ್ತಾಸೆ ತಪ್ಪುತ್ತದೆ, ದನಿ ಬಡವಾಗುತ್ತದೆ. ಪರಿಹಾರ ಸುಲಭ. ಮೇಲಿನ ಸ್ವರದಲ್ಲಿ 'ನೀ' ಬಂದರೆ ದವಡೆಯನ್ನು ಒಂದು ಬೆರಳಿನಷ್ಟು ಇಳಿಸಿ, 'ನೀ'ಗೆ ಒಂಚೂರು 'ನೇ' ಬೆರೆಸಿ. ಕೇಳುವವರಿಗೆ 'ನೀ' ಎಂದೇ ಕೇಳುತ್ತದೆ. ಎಷ್ಟು ಬೆರೆಸಬೇಕು ಎನ್ನುವುದಕ್ಕೆ ರೆಕಾರ್ಡಿಂಗೇ ಸಾಕ್ಷಿ, ಜಾಸ್ತಿಯಾದರೆ ಸಾಹಿತ್ಯ ಕೆಡುತ್ತದೆ.

ರೆಕಾರ್ಡಿಂಗ್ ಎಂದೆ. ಮೊದಲ ಸಲ ತಮ್ಮ ದನಿ ಕೇಳಿ ಬೇಸರವಾಗದವರಿಲ್ಲ. ನಾವು ಹಾಡುವಾಗ ನಮ್ಮ ದನಿ ಗಾಳಿಯ ಮೂಲಕ ಮಾತ್ರವಲ್ಲ, ತಲೆಬುರುಡೆಯ ಮೂಳೆಯ ಮೂಲಕವೂ ಕಿವಿಗೆ ಬರುತ್ತದೆ. ಮೂಳೆ ಕೆಳಸ್ವರಗಳನ್ನು ಚೆನ್ನಾಗಿ ಸಾಗಿಸುತ್ತದೆ. ಹಾಗಾಗಿ ನಮಗೆ ನಮ್ಮ ದನಿ ತುಂಬಿಕೊಂಡಂತೆ ಕೇಳುತ್ತದೆ. ಫೋನಿಗೆ ಆ ಪಾಲು ಸಿಗುವುದಿಲ್ಲ. ಉಳಿದವರು ಇಷ್ಟು ವರ್ಷ ಕೇಳುತ್ತಿರುವುದು ಫೋನಿನ ದನಿಯನ್ನೇ. ಹಾಡಿದ ಕೂಡಲೇ ಕೇಳಬೇಡಿ, ಮರುದಿನ ಕೇಳಿ. ಆಗ ಬೇರೆಯವರ ಹಾಡು ಕೇಳಿದಷ್ಟು ನಿಷ್ಠುರವಾಗಿ ಕೇಳಬಹುದು.

"ನನಗೆ ಶ್ರುತಿಯೇ ಸೇರೋದಿಲ್ಲ" ಎನ್ನುವವರಿಗೂ ಸ್ವಲ್ಪ ಸಮಾಧಾನ. ಸ್ವರದ ಏರಿಳಿತ ಕಿವಿಗೇ ಗೊತ್ತಾಗದ ಸ್ಥಿತಿ ಹುಟ್ಟಿನಿಂದಲೇ ಕೆಲವರಿಗೆ ಇರುತ್ತದೆ, ನಿಜ. ಆದರೆ ಅಂಥವರು ನೂರಕ್ಕೆ ಒಬ್ಬಿಬ್ಬರು, ಹೆಚ್ಚೆಂದರೆ ನಾಲ್ವರು. ಬೇರೆಯವರು ಅಪಶ್ರುತಿ ಹಾಡಿದಾಗ ನಿಮಗೆ ಮುಖ ಕಿವುಚುತ್ತದೆ ಎಂದರೆ ನೀವು ಆ ಲೆಕ್ಕದಲ್ಲಿಲ್ಲ. ನಿಮ್ಮ ಕಿವಿ ಸರಿ ಇದೆ. ಕಿವಿಗೂ ಗಂಟಲಿಗೂ ಇನ್ನೂ ಪರಿಚಯ ಆಗಿಲ್ಲ.

ಪೆಂಡಾಲಿನಲ್ಲಿ ನಡೆಯುವುದೇ ಬೇರೆ

ಮನೆಯಲ್ಲಿ ಚೆನ್ನಾಗಿ ಬಂದದ್ದು ಪೆಂಡಾಲಿನಲ್ಲಿ ಕೆಡುವುದಕ್ಕೆ ಹೆದರಿಕೆ ಒಂದೇ ಕಾರಣವಲ್ಲ. ಸುತ್ತ ಗದ್ದಲವಿದ್ದರೆ ಮನುಷ್ಯ ತನಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾನೆ. ಲೊಂಬಾರ್ಡ್ ಎಂಬ ಫ್ರೆಂಚ್ ವೈದ್ಯ ನೂರು ವರ್ಷಕ್ಕೂ ಹಿಂದೆ ಇದನ್ನು ಗುರುತಿಸಿದ. ಮದುವೆ ಮನೆಯಲ್ಲಿ ವಾಲಗದ ಪಕ್ಕ ಮಾತಾಡಿದವರಿಗೆ ಇದು ಹೊಸದೇನಲ್ಲ. ಸ್ಪೀಕರುಗಳು ಜನರ ಕಡೆ ಮುಖ ಮಾಡಿರುತ್ತವೆ. ಹಾಡುವವನಿಗೆ ಟ್ರ್ಯಾಕ್ ಕೇಳುತ್ತದೆ, ತನ್ನ ದನಿ ಕೇಳುವುದಿಲ್ಲ. ಕೇಳದಿದ್ದರೆ ತಳ್ಳುತ್ತಾನೆ. ಸೌಂಡ್‌ನವರಿಗೆ "ನನ್ನ ಕಡೆ ಒಂದು ಸ್ಪೀಕರ್ ತಿರುಗಿಸಿ, ಟ್ರ್ಯಾಕ್ ಸ್ವಲ್ಪ ಕಮ್ಮಿ ಮಾಡಿ" ಎಂದು ಕೇಳಲು ಸಂಕೋಚ ಬೇಡ. ಆಗದಿದ್ದರೆ ಒಂದು ಕಿವಿಗೆ ಅಂಗೈ ಮುಚ್ಚಿಕೊಳ್ಳಿ. ಹಳೆಯ ಗವಾಯಿಗಳು ಕಿವಿಗೆ ಕೈ ಇಟ್ಟುಕೊಂಡು ಹಾಡುತ್ತಿದ್ದದ್ದು ಬರೀ ಗತ್ತಿಗಲ್ಲ, ಹೊರಗಿನ ಸದ್ದು ಕಮ್ಮಿಯಾಗಿ ತನ್ನ ದನಿ ತನಗೆ ಕೇಳುತ್ತದೆ.

ಗಂಟಲಿನ ಯೋಗಕ್ಷೇಮ

ಇಲ್ಲಿ ನಂಬಿಕೆಗಳು ಜಾಸ್ತಿ. ಕಲ್ಲುಸಕ್ಕರೆ, ಕಾಳುಮೆಣಸು, ಜ್ಯೇಷ್ಠಮಧು, ಜೇನುತುಪ್ಪ. ನಾನೂ ಜ್ಯೇಷ್ಠಮಧು ಅಗಿಯುತ್ತೇನೆ, ಬಾಯಿ ಒಣಗುವುದಿಲ್ಲ. ಆದರೆ ನುಂಗಿದ್ದು ಯಾವುದೂ ಧ್ವನಿತಂತುವಿಗೆ ತಾಗುವುದಿಲ್ಲ. ಅನ್ನದ ದಾರಿ ಬೇರೆ, ಗಾಳಿಯ ದಾರಿ ಬೇರೆ. ತಾಗಿದರೆ ಕೆಮ್ಮಿ ಕೆಮ್ಮಿ ಸಾಯುತ್ತೇವೆ. ನೀರು ಕುಡಿದರೂ ಅಷ್ಟೇ, ಮೈಗೆ ಹೋಗಿ ರಕ್ತದ ಮೂಲಕ ಅಲ್ಲಿಗೆ ತಲುಪಬೇಕು. ವೇದಿಕೆ ಹತ್ತುವಾಗ ಕುಡಿದ ಒಂದು ಬಾಟಲಿಗಿಂತ ಬೆಳಗ್ಗಿನಿಂದ ಆಗಾಗ ಕುಡಿದದ್ದು ಉಪಯೋಗಕ್ಕೆ ಬರುತ್ತದೆ. ನೇರವಾಗಿ ತಾಗುವುದು ಉಸಿರಿನೊಡನೆ ಹೋಗುವುದು ಮಾತ್ರ: ಬಿಸಿನೀರಿನ ಹಬೆ ಒಳ್ಳೆಯದಕ್ಕೆ, ಸಿಗರೇಟು ಮತ್ತು ಧೂಳು ಕೆಟ್ಟದ್ದಕ್ಕೆ.

ರಾತ್ರಿ ಹತ್ತೂವರೆಗೆ ಖಾರದ ಊಟ ಮಾಡಿ ಹತ್ತೂಮುಕ್ಕಾಲಿಗೆ ಮಲಗುವವರಿಗೆ ಬೆಳಗ್ಗೆ ಗಂಟಲು ಕಟ್ಟಿರುತ್ತದೆ. ಹೊಟ್ಟೆಯ ಹುಳಿ ಮೇಲೆ ಬಂದು ಧ್ವನಿಪೆಟ್ಟಿಗೆಯನ್ನು ಕೆರಳಿಸುತ್ತದೆ. ಆಗ ಖ್ಹಂ ಖ್ಹಂ ಎಂದು ಗಂಟಲು ಸರಿಮಾಡಿಕೊಳ್ಳುವ ಚಟ ಶುರುವಾಗುತ್ತದೆ. ಒಂದೊಂದು ಖ್ಹಂಗೂ ಮಡಿಕೆಗಳು ಪರಸ್ಪರ ಉಜ್ಜಿಕೊಳ್ಳುತ್ತವೆ, ಇನ್ನಷ್ಟು ಕಫ ಕಟ್ಟುತ್ತದೆ. ಅದರ ಬದಲು ಒಂದು ಗುಟುಕು ನೀರು ನುಂಗಿ. ದನಿ ಕೂತಾಗ ಪಿಸುಮಾತಾಡುವುದೂ ವಿಶ್ರಾಂತಿಯಲ್ಲ, ಬಹಳ ಜನ ಪಿಸುಗುಡುವಾಗ ಗಂಟಲನ್ನು ಹಿಂಡುತ್ತಾರೆ. ಸುಮ್ಮನಿರಿ, ಇಲ್ಲವೇ ಮೆತ್ತಗೆ ಮಾತಾಡಿ. ಶೀತ ಗೀತ ಏನೂ ಇಲ್ಲದೆ ದನಿ ಎರಡು ಮೂರು ವಾರವಾದರೂ ಕಟ್ಟಿಕೊಂಡೇ ಇದ್ದರೆ ಕಷಾಯ ಬಿಟ್ಟು ಗಂಟಲಿನ ಡಾಕ್ಟರ ಬಳಿ ಹೋಗಿ. ಮಡಿಕೆಯ ಮೇಲೆ ಗಂಟು ಬೆಳೆದಿದೆಯೇ ಎನ್ನುವುದು ಕ್ಯಾಮೆರಾ ಬಿಟ್ಟರೆ ಮಾತ್ರ ಗೊತ್ತಾಗುತ್ತದೆ.

ನನ್ನ ಈಗಿನ ದಿನಚರಿ ಇಪ್ಪತ್ತೈದು ನಿಮಿಷದ್ದು. ಬೆಳಗ್ಗೆ ಕಾಫಿ ಆದ ಮೇಲೆ ಐದು ನಿಮಿಷ ಸ್ಟ್ರಾ. ನಂತರ ಮಂದ್ರದಲ್ಲಿ, ಒತ್ತದೆ, ಒಂದೊಂದೇ ಸ್ವರ ಹಿಡಿದು ನಿಲ್ಲುವುದು. ಧಾರವಾಡದ ಕಡೆಯ ಹಿಂದೂಸ್ತಾನಿ ಹಾಡುಗಾರರು ಇದನ್ನು ಖರಜ ಸಾಧನೆ ಎನ್ನುತ್ತಾರೆ, ನಸುಕಿನಲ್ಲಿ ಮಾಡುತ್ತಾರೆ. ಎದ್ದ ಹೊಸತರಲ್ಲಿ ದನಿ ತಾನಾಗಿಯೇ ಕೆಳಗಿರುತ್ತದೆ, ಅದಕ್ಕೆ ಆ ಹೊತ್ತು. ಆಮೇಲೆ ಎರಡು ಸರಳೆ, ಒಂದು ಜಂಟಿ (ಒಂದೊಂದು ಸ್ವರವನ್ನೂ ಎರಡೆರಡು ಸಲ ಹಾಡುವ ವರಸೆ). ಕೊನೆಗೆ ಹಾಡಿನ ಒಂದೇ ಒಂದು ಸಾಲು. ಇಡೀ ಹಾಡು ಭಾನುವಾರ ಮಾತ್ರ. ವಾರಕ್ಕೊಮ್ಮೆ ಎರಡು ಗಂಟೆ ಕಿರುಚಿ ಹಾಡುವುದಕ್ಕಿಂತ ದಿನಾ ಇಷ್ಟು ಮಾಡಿದ್ದರಿಂದ ನನಗೆ ಸಿಕ್ಕಿದ್ದು ಜಾಸ್ತಿ. ಮೂರು ತಿಂಗಳಿಗೆ ಮೇಲೆ ಎರಡು ಸ್ವರ ಹೊಸದಾಗಿ ಸಿಕ್ಕವು. ಆರು ತಿಂಗಳಿಗೆ ಹೆಂಡತಿ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುವುದನ್ನು ನಿಲ್ಲಿಸಿದಳು.

ಈ ಸಲದ ಗಣೇಶೋತ್ಸವಕ್ಕೆ ಹೆಸರು ಕೊಟ್ಟಿದ್ದೇನೆ. ಪಟ್ಟಿ ಬರೆದುಕೊಳ್ಳುತ್ತಿದ್ದ ಹುಡುಗ ನನ್ನ ಮುಖ ನೋಡಿ, "ಅಂಕಲ್, ಅದೇ ಹಾಡಾ?" ಎಂದ. ಅದೇ ಹಾಡು. ಟ್ರ್ಯಾಕನ್ನು ಮೂರು ಒತ್ತಿ ಕೆಳಗಿಳಿಸಿ ಪೆನ್‌ಡ್ರೈವಿಗೆ ಹಾಕಿಟ್ಟಿದ್ದೇನೆ. ಅತ್ತಿಗೆಗೆ ಇನ್ನೂ ಹೇಳಿಲ್ಲ.